ಟ್ಯಾಂಕಿನ ತಳದ ನೀರು

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಬಸದಿಗಳನ್ನು ದಾಟಿ ಕೂಗಳತೆ ದೂರವೂ ಬಂದಿರಲಿಲ್ಲ, ಅಂಬಾಸಿಡರ್ ಕಾರು ಎರಡು ಸಲ ಕೆಮ್ಮಿ, ಮುಗ್ಗರಿಸಿ, ರಸ್ತೆಯ ನಡುವೆಯೇ ನಿಂತುಬಿಟ್ಟಿತು. ಇಂದುಧರ ಕೀಲಿ ತಿರುಗಿಸಿದ. ಎಂಜಿನ್ ನರಳಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಹಿಂದಿನಿಂದ ಒಂದು ಸ್ಕೂಟಿ ಹಾರನ್ ಹೊಡೆಯತೊಡಗಿತು.

"ರೀ, ಸ್ವಲ್ಪ ಪಕ್ಕಕ್ಕೆ ತಗೊಳ್ರೀ. ಸ್ಕೂಲಿಗೆ ಹೊತ್ತಾಯ್ತು."

"ಭಾನುವಾರ ಸ್ಕೂಲೇ?"

"ಎಸೆಸೆಲ್ಸಿ ಮಕ್ಕಳಿಗೆ ಸ್ಪೆಷಲ್ ಕ್ಲಾಸು. ತಗೊಳ್ರೀ ಅಂದ್ರೆ!"

"ತಗೋಬೇಕು ಅಂತ ನನಗೂ ಆಸೆ ಇದೆ ಮೇಡಂ. ಕಾರಿಗೆ ಇಲ್ಲ."

ಅವಳು ನಗಬಾರದೆಂದು ತುಟಿ ಬಿಗಿಹಿಡಿದಳು. ಆದರೆ ಕಣ್ಣು ಮಾತು ಕೇಳಲಿಲ್ಲ. ಸ್ಕೂಟಿಯನ್ನು ಹುಣಸೆಮರದ ಕೆಳಗೆ ನಿಲ್ಲಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ಜೊತೆಗೇ ಕಾರಿಗೆ ಕೈಕೊಟ್ಟು ತಳ್ಳಿದಳು. ಹಣೆಯಲ್ಲಿ ಸಾಸಿವೆಯಷ್ಟು ಕಪ್ಪು ಬೊಟ್ಟು. ಉದ್ದನೆಯ ಜಡೆಯಲ್ಲಿ ಒಂದೆಸಳು ಹೂವೂ ಇರಲಿಲ್ಲ. ಅಷ್ಟನ್ನು ಇಂದುಧರ ಕಾರು ತಳ್ಳುತ್ತಲೇ ನೋಡಿದ್ದ. ತಾನು ನೋಡಿದ್ದನ್ನು ಅವಳೂ ನೋಡಿದಳೆಂದು ಗೊತ್ತಾದಾಗ ಗಡಿಬಿಡಿಯಿಂದ ಬಾನೆಟ್ ಎತ್ತಿ ಒಳಗೆ ತಲೆ ಹಾಕಿದ.

ಪೆಟ್ರೋಲ್ ಪೈಪನ್ನು ಬಿಚ್ಚಿ ಬಾಯಿಂದ ಊದಿದರೆ ಅರಿಸಿನ ಕಲಸಿದಂತಹ ಹಳದಿಗೆಂಪು ತುಕ್ಕು ಹೊರಬಂತು.

"ಇದೇನು, ಕಾರಿಗೆ ಕಾಮಾಲೆಯೇ?" ಎಂದಳು ಅವಳು.

"ಹೊಸ ಪೆಟ್ರೋಲಿನ ಕಾಟ. ಈ ವರ್ಷದಿಂದ ಸ್ಪಿರಿಟ್ ಬೆರೆಸಿ ಕೊಡ್ತಾರಲ್ಲ, ಅದು ಟ್ಯಾಂಕಿನ ಹಳೇ ಕೊಳೆಯನ್ನೆಲ್ಲ ಎಬ್ಬಿಸಿಕೊಂಡು ಬಂದು ಇಲ್ಲಿ ಕಟ್ಟಿಕೊಳ್ಳುತ್ತೆ. ನಮ್ಮಪ್ಪನ ಕಾಲದ ಕಾರು ಇದು."

"ಸ್ಪಿರಿಟ್ ಅಲ್ಲ, ಎಥೆನಾಲ್ ಅನ್ನಿ. ಕಬ್ಬಿನ ಕಾಕಂಬಿಯಿಂದ ತೆಗೀತಾರೆ."

"ಓಹೋ, ಸೈನ್ಸ್ ಮೇಡಂ!"

"ನೀವು?"

"ಅರಸೀಕೆರೆ ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರು. ಇಲ್ಲಿಯ ಶಿಲ್ಪ ನೋಡಿ ಬರೆಯೋಣ ಅಂತ ಬಂದಿದ್ದೆ."

"ಅದಕ್ಕೇ ಕಾರೂ ಚಿತ್ರದ ಹಾಗೆ ನಿಂತಿದೆ" ಎಂದು ಸ್ಕೂಟಿ ಹತ್ತಿ ಹೊರಟೇಹೋದಳು. ತಿರುವಿನಲ್ಲಿ ಮಾತ್ರ ಒಮ್ಮೆ ಕತ್ತು ತಿರುಗಿಸಿದಳು. ಕಾರು ಹೊರಟಿತೋ ಇಲ್ಲವೋ ನೋಡುವುದಕ್ಕೆ ಎಂದು ಆಮೇಲೆ ಒಂದು ದಿನ ವಾದಿಸಿದಳು. ಇಂದುಧರ ಒಪ್ಪಲಿಲ್ಲ.

ಅವಳ ಹೆಸರು ಹೇಮಾಶ್ರೀ. ಹಳೇಬೀಡಿನ ಹತ್ತಿರವೇ ತೆಂಗು, ರಾಗಿ ಬೆಳೆದುಕೊಂಡಿದ್ದ ನಂಜುಂಡಯ್ಯನವರ ಮಗಳು.

ಆ ಮಳೆಗಾಲದ ಭಾನುವಾರಗಳು ಬಹುಮಟ್ಟಿಗೆ ಒಂದೇ ರೀತಿ ಕಳೆದವು. ಇಂದುಧರ ಹಳೇಬೀಡಿನ ಗುಡಿಯ ಜಗತಿಯ ಕಟ್ಟೆಯ ಮೇಲೆ ಕೂತು ಚಿತ್ರ ಬರೆಯುತ್ತಿದ್ದ. ಹೇಮಾಶ್ರೀ ತರಗತಿ ಮುಗಿಸಿ, ಮನೆಯಿಂದ ತಂದ ನಿಪ್ಪಟ್ಟಿನ ಡಬ್ಬಿಯನ್ನು ನಡುವೆ ಇಟ್ಟುಕೊಂಡು, ಒಂದು ಮಾರು ದೂರದಲ್ಲಿ ಕೂರುತ್ತಿದ್ದಳು. ಡಬ್ಬಿ ಖಾಲಿಯಾಗುವ ಹೊತ್ತಿಗೆ ಆ ಮಾರು ಗೇಣಾಗಿರುತ್ತಿತ್ತು.

"ಈ ಕಲ್ಲಿನ ಹೆಂಗಸಿನ ಒಡವೆಯನ್ನೆಲ್ಲ ಬರೆದಿದ್ದೀರಿ. ಮುಖ ಮಾತ್ರ ಬೇರೆ ಯಾರದೋ" ಎಂದಳು ಒಮ್ಮೆ.

"ಯಾರದು?"

"ನನಗೇನು ಗೊತ್ತು? ಮೂಗು ಸ್ವಲ್ಪ ಮೊಂಡು. ಇಷ್ಟು ಮೊಂಡು ಇಲ್ಲ ಅವಳದು."

"ಯಾರದು ಅಂತ ಗೊತ್ತಿಲ್ಲ ಅಂದ್ರಿ?"

ಅವಳು ನಿಪ್ಪಟ್ಟನ್ನು ಪಟಕ್ಕನೆ ಮುರಿದಳು. ಕೆನ್ನೆ ಕೆಂಪಾಗಿತ್ತು.

ಕಾರಿನ ಕಾಯಿಲೆಯೂ ಅವರ ಸ್ನೇಹದ ಜೊತೆಗೇ ಬೆಳೆಯಿತು. ರಬ್ಬರ್ ಪೈಪು ನೆನೆದ ಹುಣಸೆಹಣ್ಣಿನಂತೆ ಮೆತ್ತಗಾಯಿತು. ಪಂಪಿನೊಳಗಿನ ರಬ್ಬರ್ ಪೊರೆ ಉಬ್ಬಿತು. ಬಿಸಿಲು ಏರಿದರೆ ಕಾರು ಹೊರಡಲು ಹಟ ಮಾಡುತ್ತಿತ್ತು. ಅರಸೀಕೆರೆಯ ಮೆಕ್ಯಾನಿಕ್ ಜವರಪ್ಪ ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ಇಂದುಧರನ ತಾಯಿ ಮಹದೇವಮ್ಮನಿಗೆ ಇದೊಂದು ಅಪಮಾನವೇ ಆಗಿತ್ತು. "ನಿಮ್ಮಪ್ಪ ಬದುಕಿರೋವರೆಗೂ ಒಂದು ತೊಟ್ಟು ಮುಟ್ಲಿಲ್ಲ ಕಣೋ. ಅವರ ಕಾರಿಗೆ ಕುಡಿಸ್ತಾವ್ರಲ್ಲ ಈ ಜನ!" ಎಂದು ಬಂಕಿನವರನ್ನು ಬೈಯುತ್ತಿದ್ದಳು. ಈ ಮಾತು ಕೇಳಿದಾಗ ಹೇಮಾಶ್ರೀಗೆ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು.

"ನಕ್ಕುಬಿಡಿ. ನನ್ನ ಲೆಕ್ಕದಲ್ಲಿ ಮಾತ್ರ ಆ ಕಾರನ್ನು ನಿಲ್ಲಿಸಿದ್ದು ನಮ್ಮೂರ ಬೆಟ್ಟದ ದೇವರು, ಮಾಲೇಕಲ್ಲು ತಿಮ್ಮಪ್ಪ. ಅವತ್ತು ಅದು ನಿಲ್ಲದಿದ್ರೆ ನೀವೆಲ್ಲಿ, ನಾನೆಲ್ಲಿ?" ಎಂದ ಇಂದುಧರ.

ನಗು ತಟ್ಟನೆ ನಿಂತಿತು. ಅವಳು ಕೆರೆಯ ಕಡೆ ನೋಡಿದಳು. ಏರಿಯ ಮೇಲೆ ದನಗಳು ಮನೆಗೆ ಮರಳುತ್ತಿದ್ದವು.

"ನಿಮಗೊಂದು ಮಾತು ಹೇಳಬೇಕು. ನನಗೆ ಮದುವೆಯಾಗಿತ್ತು. ಯಾರಾದರೂ ಹೇಳಿರಬೇಕು ನಿಮಗೆ."

"ಹೇಳಿದ್ದಾರೆ."

"ವರ್ಷ ತುಂಬೋದರೊಳಗೆ ಅವರು ಹೋಗಿಬಿಟ್ಟರು. ಲಾರಿಗೆ ಸಿಕ್ಕಿದರು. ಡ್ರೈವರ್ ತೂಕಡಿಸಿದ್ದ. ಪೊಲೀಸಿನವರು ಅದನ್ನೇ ಬರೆದುಕೊಂಡರು. ಮನೆಯವರು ಮಾತ್ರ ನನ್ನ ಕಾಲ್ಗುಣ ಅಂದರು. ಅತ್ತೆ ಅಂದರು, ನಾದಿನಿ ಅಂದರು, ಕೊನೆಗೆ ಕನ್ನಡಿ ಮುಂದೆ ನಿಂತು ನಾನೇ ಅಂದುಕೊಂಡೆ. ಆ ಮಾತಿನಿಂದ ಹೊರಗೆ ಬರೋದಕ್ಕೆ ಬಹಳ ಕಷ್ಟಪಟ್ಟಿದ್ದೀನಿ ಮೇಷ್ಟ್ರೇ. ಒಡವೆ ಬೇಡ, ಸೀರೆ ಬೇಡ. ನಿಮ್ಮ ಮನೇಲಿ ಆ ಮಾತು ಬರಬಾರದು. ಬಂದರೆ, ನೀವು ಸುಮ್ಮನಿರಬಾರದು. ಇಷ್ಟೇ ನಾನು ಕೇಳೋದು."

"ಸುಮ್ಮನಿರಲ್ಲ. ನಿಮ್ಮಾಣೆ" ಎಂದ ಇಂದುಧರ.

ಆ ಕ್ಷಣದಲ್ಲಿ ಅವನ ಮಾತು ಸುಳ್ಳಾಗಿರಲಿಲ್ಲ. ಆಣೆ ಇಡುವಾಗ ಯಾರ ನಾಲಿಗೆಯೂ ನಡುಗುವುದಿಲ್ಲ. ಅದು ನಡುಗುವ ಹೊತ್ತು ಬೇರೆಯೇ ಇರುತ್ತದೆ.

ಮಹದೇವಮ್ಮ ಕೆಟ್ಟ ಹೆಂಗಸಲ್ಲ. ಮಗ ವಿಷಯ ತಿಳಿಸಿದಾಗ ಮೊದಲು ಅತ್ತಳು, ಊಟ ಬಿಟ್ಟಳು. ಆಮೇಲೆ ಬೇಲೂರಿಗೆ ಹೋಗುವ ನೆಪ ಮಾಡಿಕೊಂಡು ಹಳೇಬೀಡಿನಲ್ಲಿ ಇಳಿದು, ಹುಡುಗಿಯನ್ನು ದೂರದಿಂದ ನೋಡಿ ಬಂದಳು. "ಲಕ್ಷಣವಾಗವ್ಳೆ. ನಡಿಗೆ ಮಾತ್ರ ಸ್ವಲ್ಪ ಬಿರುಸು" ಎಂದಳು. ಅಷ್ಟಕ್ಕೆ ಮದುವೆ ಅರ್ಧ ಆದಂತೆಯೇ ಎಂದು ಇಂದುಧರನಿಗೆ ಅನ್ನಿಸಿತು. ನವರಾತ್ರಿ ಮುಗಿದ ಮರುದಿನ ಹುಡುಗಿಗೆ ಹೂ ಮುಡಿಸುವ ಶಾಸ್ತ್ರ ಎಂದು ಎರಡೂ ಮನೆಯವರು ನಿಶ್ಚಯಿಸಿದರು.

ಆಯುಧಪೂಜೆಯ ದಿನ ಇಂದುಧರ ಕಾರನ್ನು ತೊಳೆದ ರೀತಿ ನೋಡಿ ಬೀದಿಯವರು ನಕ್ಕರು. ಬಾವಿಯಿಂದ ಸೇದಿ ಸೇದಿ ಕೊಡಗಟ್ಟಲೆ ನೀರು ಹೊಯ್ದ. ಚಕ್ರದ ಸಂದು, ಬಾಗಿಲ ಸಂದು, ಪೆಟ್ರೋಲ್ ಮುಚ್ಚಳದ ಸುತ್ತ, ಎಲ್ಲೂ ಬಿಡಲಿಲ್ಲ. ಹೊಸ ಪೆಟ್ರೋಲು ಆ ಮುಚ್ಚಳದ ರಬ್ಬರ್ ವಾಷರನ್ನೂ ತಿಂದು ಬಿರುಕು ಬಿಡಿಸಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ. ಮಹದೇವಮ್ಮ ಕಾರಿಗೆ ವಿಭೂತಿ, ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಕೈಮುಗಿದಳು.

ಶಾಸ್ತ್ರದ ದಿನ ಬೆಳಿಗ್ಗೆ ಅವಳು ಮಾಲೇಕಲ್ಲಿನ ಬೆಟ್ಟದ ಬುಡಕ್ಕೆ ಹೋಗಿಯೇ ಮುಂದಿನ ದಾರಿ ಎಂದಳು. ಮೊಣಕಾಲು ನೋವಿನಿಂದ ಬೆಟ್ಟ ಹತ್ತಲಾಗಲಿಲ್ಲ. ಕೆಳಗಿನಿಂದಲೇ ಸೆರಗೊಡ್ಡಿ ಬೇಡಿಕೊಂಡಳು: "ತಿಮ್ಮಪ್ಪಾ, ಈ ಸಂಬಂಧಕ್ಕೆ ನಿನ್ನ ಒಪ್ಪಿಗೆ ಇದ್ರೆ ದಾರೀಲಿ ವಿಘ್ನ ಮಾಡಬ್ಯಾಡ. ಇಲ್ಲಾಂದ್ರೆ ಅಲ್ಲೇ ತಿಳಿಸಿಬಿಡು."

ಇಂದುಧರನೂ ಪಕ್ಕದಲ್ಲಿ ಕೈಮುಗಿದು ನಿಂತಿದ್ದ. ಅಮ್ಮಾ, ಹಾಗೆ ಕೇಳಬೇಡ ಎನ್ನಬಹುದಾಗಿತ್ತು.

ಜಾವಗಲ್ಲಿನವರೆಗೆ ಕಾರು ನೀರಿನ ಮೇಲೆ ದೋಣಿ ತೇಲಿದಂತೆ ಬಂತು. ಹಿಂದಿನ ಸೀಟಿನಲ್ಲಿ ಮಹದೇವಮ್ಮ ಮಲ್ಲಿಗೆ ದಂಡೆಯ ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಸೊಸೆಗೆ ಯಾವ ಸರ ಕೊಡಬೇಕೆಂದು ತನ್ನಷ್ಟಕ್ಕೇ ಮಾತಾಡಿಕೊಳ್ಳುತ್ತಿದ್ದಳು. ಊರು ದಾಟಿ ಒಂದು ಸಣ್ಣ ಏರು ಹತ್ತುವಾಗ ಕಾರು ನಡುಗಿತು, ಕೆಮ್ಮಲೂ ಇಲ್ಲ, ಒಮ್ಮೆಗೇ ಉಸಿರು ಬಿಟ್ಟಂತೆ ನಿಂತಿತು.

ಇಂದುಧರ ಪೈಪು ಬಿಚ್ಚಿ ಊದಿದ. ತುಕ್ಕು ಇರಲಿಲ್ಲ. ಪಂಪು ನೋಡಿದ, ಸರಿಯಾಗಿಯೇ ಇತ್ತು. ಕಾರಣ ಕಾಣದಿದ್ದಾಗಲೇ ಅವನಿಗೆ ಮೊದಲು ಭಯವಾದದ್ದು.

"ತಿರುಗು ಮಗಾ, ಹೋಗಾನ" ಎಂದಳು ಮಹದೇವಮ್ಮ ಮೆಲ್ಲಗೆ.

"ಹಳೇ ಕಾರು ಅಮ್ಮಾ. ಎಷ್ಟು ಸಲ ನಿಂತಿಲ್ಲ?"

"ನಿಂತೈತೆ. ನಾನು ಕೇಳಿಕೊಂಡ ದಿನಾನೇ ಯಾಕೆ ನಿಲ್ತು? ಆ ಹುಡುಗಿ ಒಳ್ಳೇವ್ಳೇ ಇರಬೈದು. ಅವಳ ಕಾಲ್ಗುಣ..."

ಆ ಮಾತು ಬಂದೇಬಿಟ್ಟಿತು. ತಾಯಿ ಅದನ್ನು ಪೂರ್ತಿ ಮಾಡಲಿಲ್ಲ. ಮಗನ ಮುಖ ನೋಡಿ ತಡೆದಳು. ಮಗ ಏನಾದರೂ ಹೇಳಲಿ ಎಂದು ಕಾದಳೋ ಏನೋ. ಅವಳಿಗೂ ಮನಸ್ಸು ತುಂಬ ಗಟ್ಟಿಯಿರಲಿಲ್ಲ. ಅವನು ಒಂದು ಮಾತು ಜೋರಾಗಿ ಆಡಿದ್ದರೆ ಕಣ್ಣೊರೆಸಿಕೊಂಡು ಇಳಿದು ಬರುತ್ತಿದ್ದಳು. ಆದರೆ ಇಂದುಧರ ಸುಮ್ಮನೆ ನಿಂತ. ಲಾರಿಯ ಕೆಳಗೆ ಸಿಕ್ಕಿದ ಆ ಗಂಡಸಿನ ಮುಖವನ್ನು ಅವನು ಎಂದೂ ಕಂಡಿರಲಿಲ್ಲ. ಆ ಹೊತ್ತಿನಲ್ಲಿ ಅದು ತನ್ನ ಮುಖದಂತೆಯೇ ಇದ್ದೀತೆಂದು ಹೊಳೆಯಿತು.

ಅಷ್ಟರಲ್ಲಿ ಧೂಳೆಬ್ಬಿಸುತ್ತ ಸರ್ಕಾರಿ ಬಸ್ಸು ಬಂತು. ಹಾರ ಹಾಕಿದ ಕಾರನ್ನೂ ತಟ್ಟೆಯ ಹೂವನ್ನೂ ಕಂಡ ಕಂಡಕ್ಟರ್ ತಾನಾಗಿಯೇ ಸೀಟಿ ಊದಿ ನಿಲ್ಲಿಸಿದ.

"ಹಳೇಬೀಡು, ಬೇಲೂರು! ಶುಭ ಕಾರ್ಯಕ್ಕೆ ಹೊರಟೀರಿ, ಹತ್ತಿ ಸಾ. ಅಜ್ಜಿಗೆ ಸೀಟು ಬಿಡುಸ್ತೀನಿ!"

ಇಂದುಧರ ಬಸ್ಸನ್ನು ನೋಡಿದ. ತಾಯಿಯನ್ನು ನೋಡಿದ.

"ಇಲ್ಲ, ನೀವು ಹೋಗಿ" ಎಂದ.

ದೇವರ ಮೇಲೆ ಭಾರ ಹಾಕುವುದು ಭಕ್ತಿ. ದೇವರ ಬೆನ್ನಿನ ಹಿಂದೆ ಅಡಗಿಕೊಳ್ಳುವುದು ಭಕ್ತಿಯಲ್ಲ. ಇದು ಅವನಿಗೆ ತಿಳಿಯದ ವಿಷಯವೇನಲ್ಲ. ಆದರೆ ತಿಳಿವಳಿಕೆ ಎಂಬುದು ಆಪತ್ತಿನಲ್ಲಿ ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ ಬರುತ್ತದೆ.

ಜಾವಗಲ್ಲಿಗೆ ಹಿಂದಿರುಗಿ ಟೆಲಿಫೋನ್ ಬೂತಿನಿಂದ ಫೋನ್ ಮಾಡಿದ. ಹೇಮಾಶ್ರೀಯೇ ಎತ್ತಿಕೊಂಡಳು. ಹಿಂದೆ ಹೆಂಗಸರ ಗಲಾಟೆ, ಪಾತ್ರೆಯ ಸದ್ದು.

"ಎಲ್ಲಿದ್ದೀರಿ? ಚಿಕ್ಕಮ್ಮ ಆಗಲೇ ತಲೆಗೆ ಎಣ್ಣೆ ಮೆತ್ತಿ ಜಡೆ ಬಿಗಿದುಬಿಟ್ಟಿದ್ದಾರೆ. ನೋಡಿದ್ರೆ ನಗ್ತೀರಿ."

"ಕಾರು ನಿಂತುಬಿಟ್ಟಿತು."

"ಇವತ್ತೂನಾ? ಕುಡುಕ ಕಾರು!" ಎಂದು ನಕ್ಕಳು. "ಬಸ್ ಬರುತ್ತೆ, ಹತ್ತಿಕೊಂಡು ಬನ್ನಿ. ಇಲ್ಲಾಂದ್ರೆ ಹೇಳಿ, ಸ್ಕೂಟಿ ತಗೊಂಡು ನಾನೇ ಬರ್ತೀನಿ."

"ಅಮ್ಮ ದೇವರ ಹತ್ತಿರ ಕೇಳಿಕೊಂಡಿದ್ದರು... ವಿಘ್ನ ಆಗಬಾರದು ಅಂತ. ಈಗ ಹೀಗಾಯ್ತಲ್ಲ... ದೇವರಿಗೆ ಒಪ್ಪಿಗೆ ಇಲ್ಲ ಅಂತಾರೆ."

ಹೆಂಗಸರ ಗಲಾಟೆ ಮಾತ್ರ ಕೇಳುತ್ತಿತ್ತು.

"ಅಮ್ಮ ಅಂತಾರೆ. ನೀವೇನು ಅಂತೀರಿ?"

"ಸ್ವಲ್ಪ ದಿನ ಹೋಗಲಿ ಹೇಮಾ..."

"ಆ ಮಾತು ಬಂತಾ?"

ಅವನು ಫೋನಿನ ಹುರಿಯನ್ನು ಬೆರಳಿಗೆ ಸುತ್ತಿಕೊಂಡ.

"ನೀವು ಸುಮ್ಮನಿದ್ರಾ?"

ಅವಳು ಸಿಟ್ಟಿನಿಂದ ಫೋನ್ ಕುಕ್ಕಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಮಲಗಿದ ಮಗು ಏಳಬಾರದೆಂಬಂತೆ ಮೆಲ್ಲಗೆ ಇಟ್ಟಳು.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಅರಸೀಕೆರೆಗೆ ಎಳೆದು ತಂದರು. ದೀಪಾವಳಿ ಬಂದು ಹೋಗುವವರೆಗೂ ಅದು ಮನೆಯ ಮುಂದೆ ಗೋಣಿಚೀಲ ಹೊದ್ದು ಬಿದ್ದಿತ್ತು. ಇಂದುಧರ ಅದರ ಕಡೆ ನೋಡುತ್ತಿರಲಿಲ್ಲ. ಹಲವು ಸಲ ಫೋನ್ ಮಾಡಿದ; ನಂಜುಂಡಯ್ಯನವರು "ಅವಳು ಇಲ್ಲ" ಎಂದಷ್ಟೇ ಹೇಳಿ ಇಡುತ್ತಿದ್ದರು. ಮಹದೇವಮ್ಮ ಬೇರೆ ಹುಡುಗಿಯ ಮಾತೆತ್ತಲಿಲ್ಲ. ಸಂಜೆ ದೀಪ ಹಚ್ಚಿ, ಮಗನಿಗೆ ಬೆನ್ನು ಹಾಕಿ, ಬಹಳ ಹೊತ್ತು ಕೂತಿರುತ್ತಿದ್ದಳು.

ಕೊನೆಗೆ ಜವರಪ್ಪ ತಾನಾಗಿಯೇ ಬಂದು ಟ್ಯಾಂಕಿನ ತಳದ ತಿರುಪು ಬಿಚ್ಚಿ, ಇದ್ದದ್ದನ್ನು ಒಂದು ಗಾಜಿನ ಬಾಟಲಿಗೆ ಹಿಡಿದ. ಬಿಸಿಲಿಗೆ ಎತ್ತಿ ನೋಡಿ ಹುಬ್ಬು ಗಂಟಿಕ್ಕಿದ.

"ಮೇಷ್ಟ್ರೇ, ಇದೇನು ನೋಡಿ. ಮೇಲೊಂದು ಬಣ್ಣ, ಕೆಳಗೊಂದು ಬಣ್ಣ. ಕೆಳಗಿರೋದು ನೀರು ಅಂದ್ರೆ ಪೂರಾ ನೀರಲ್ಲ, ಬೆಂಕಿ ಕೊಟ್ರೆ ನೀಲಿ ಉರಿ ಬತ್ತದೆ. ಇಷ್ಟೊಂದು ಎಲ್ಲಿಂದ ಬಂತು ಅಂತ ನಂಗೂ ಗೊತ್ತಾಗ್ತಿಲ್ಲ. ಕಾರು ನಿಂತಿದ್ದು ಮಾತ್ರ ಇದರಿಂದಲೇ, ತಾಯಾಣೆ."

ಇಂದುಧರ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡ. ಬಸ್ಸಿನಲ್ಲಿ ಪೆಟ್ರೋಲ್ ಒಯ್ಯಬಾರದೆಂದು ಜವರಪ್ಪನ ಮೋಟರ್ ಸೈಕಲ್ ತೆಗೆದುಕೊಂಡು ನೇರ ಹಳೇಬೀಡಿನ ಶಾಲೆಗೆ ಹೋದ.

ಹೇಮಾಶ್ರೀ ಪ್ರಯೋಗಶಾಲೆಯಲ್ಲಿ ಒಬ್ಬಳೇ ಗಾಜಿನ ಕೊಳವೆಗಳನ್ನು ತೊಳೆಯುತ್ತಿದ್ದಳು. ಅವನನ್ನು ಕಂಡು ಬೆಚ್ಚಲಿಲ್ಲ. ಸ್ವಲ್ಪ ಸೊರಗಿದ್ದಳು. ಅವನು ಬಾಟಲಿಯನ್ನು ಮೇಜಿನ ಮೇಲಿಟ್ಟ. ಅವಳು ಮುಚ್ಚಳ ತೆಗೆದು ಮೂಸಿದಳು, ಬೆಳಕಿಗೆ ಹಿಡಿದು ತಿರುಗಿಸಿದಳು. ಒಂದು ಕ್ಷಣ ಅವಳ ಮುಖದಲ್ಲಿ ಹಳೆಯ ಕುತೂಹಲ ಬೆಳಗಿತು. ಅದನ್ನು ನೋಡುವುದಕ್ಕೇ ಅಷ್ಟು ದೂರ ಬಂದೆನೆಂದು ಅವನಿಗೆ ಅನ್ನಿಸಿತು.

"ಟ್ಯಾಂಕಿಗೆ ನೀರು ಹೋಗಿದೆ. ಕಾರು ತೊಳೆದಿದ್ರಾ?"

"ಆಯುಧಪೂಜೆಗೆ."

"ಹಿಂದಿನ ವರ್ಷಗಳಲ್ಲೂ ಸ್ವಲ್ಪ ಹೋಗಿರಬಹುದು. ಬರೀ ಪೆಟ್ರೋಲಿನಲ್ಲಿ ಚಮಚ ನೀರು ಬಿದ್ದರೆ ಚಮಚವಾಗಿಯೇ ತಳದಲ್ಲಿ ಬಿದ್ದಿರುತ್ತೆ, ಎಂಜಿನ್ನಿಗೆ ಗೊತ್ತೇ ಆಗಲ್ಲ. ಎಥೆನಾಲಿಗೆ ನೀರು ಕಂಡರೆ ಪ್ರೀತಿ. ನೀರು ಜಾಸ್ತಿಯಾದರೆ ಪೆಟ್ರೋಲನ್ನು ಬಿಟ್ಟು ಅದರ ಜೊತೆ ಸೇರಿಕೊಂಡು ಕೆಳಗಿಳಿದುಬಿಡುತ್ತೆ. ಚಮಚ ಇದ್ದದ್ದು ಪಾವಾಗುತ್ತೆ. ಏರು ಹತ್ತುವಾಗ ಅದೇ ಪೈಪಿಗೆ ಹೋಗಿರಬೇಕು, ಅಷ್ಟೇ."

"ಹಾಗಾದರೆ ದೇವರು..."

"ದೇವರ ಪಾಡಿಗೆ ದೇವರು ಬೆಟ್ಟದ ಮೇಲಿದ್ದ. ಮೊದಲ ಸಲ ನಿಂತಾಗ ಅವನ ದಯೆ ಅಂದ್ರಿ, ಆಮೇಲೆ ನಿಂತಾಗ ಅವನ ಕೋಪ ಅಂದ್ರಿ. ಎರಡು ಸಲವೂ ಪೆಟ್ರೋಲು ಒಂದೇ ಮೇಷ್ಟ್ರೇ."

"ತಪ್ಪಾಯ್ತು ಹೇಮಾ. ಅಮ್ಮನಿಗೆ ಇದನ್ನೇ ಹೇಳ್ತೀನಿ. ಅಮ್ಮ ಒಪ್ಪುತ್ತಾರೆ, ಆಗಲೇ ಕೊರಗ್ತಾ ಇದ್ದಾರೆ. ಅವರೇ ಬಂದು ನಿಮ್ಮಪ್ಪನನ್ನು ಕೇಳ್ತಾರೆ. ನಾನು... ನಿಮ್ಮನ್ನು ಬಿಟ್ಟು ನನಗೆ ಆಗ್ತಾ ಇಲ್ಲ. ಆ ಬಸ್ಸಿಗೆ ಹತ್ತಬೇಕಾಗಿತ್ತು. ದಿನಾ ಅದನ್ನೇ ಅಂದುಕೊಳ್ತೀನಿ."

ಅವಳು ಸೀರೆಯ ಸೆರಗಿನಿಂದ ಕೈ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು.

"ನೀವು ಬರ್ತೀರಿ ಅಂತ ಗೊತ್ತಿತ್ತು ನನಗೆ. ಕಾಯ್ತಾನೂ ಇದ್ದೆ, ಸುಳ್ಳು ಹೇಳಲ್ಲ. ಬರೀ ಕೈಯಲ್ಲಿ ಬಂದಿದ್ದರೆ ಏನು ಮಾಡ್ತಿದ್ದೆನೋ. ನೀವು ಬಾಟಲಿ ತಂದಿರಿ."

"ನಿಮಗೆ ತೋರಿಸೋಣ ಅಂತ..."

"ನನಗೆ ತೋರಿಸೋದು ಏನಿತ್ತು? ನನ್ನ ಕಾಲಿನಿಂದ ಕಾರು ನಿಲ್ಲಲ್ಲ ಅಂತ ನನಗೆ ಗೊತ್ತು. ನಂಬೋದಕ್ಕೆ ನಿಮಗೆ ಬಾಟಲಿ ಬೇಕಾಯ್ತು." ಅವಳ ದನಿಯಲ್ಲಿ ಕಹಿಯಿರಲಿಲ್ಲ, ಆಯಾಸವಿತ್ತು. "ನಾಳೆ ನಿಮಗೆ ಜ್ವರ ಬರುತ್ತೆ, ಮಗು ಬೀಳುತ್ತೆ, ಅಮ್ಮನ ಮಂಡಿ ನೋವು ಜಾಸ್ತಿಯಾಗುತ್ತೆ. ಪ್ರತಿಯೊಂದಕ್ಕೂ ನಾನು ಎಲ್ಲಿಂದ ಬಾಟಲಿ ತರಲಿ?"

ಇಂದುಧರ ಇಲ್ಲ ಎನ್ನಲು ಬಾಯಿ ತೆರೆದ. ಅದೇ ಬಾಯಿಂದ ಇಟ್ಟ ಆಣೆಯ ನೆನಪಾಗಿ ಮುಚ್ಚಿಕೊಂಡ.

ಅವಳು ಹತ್ತಿರ ಬಂದು, ಅವನ ಅಂಗಿಯ ತೋಳಿಗೆ ಅಂಟಿದ್ದ ಗ್ರೀಸನ್ನು ನೋಡಿ, ಒರೆಸಲೆಂದು ಕೈ ಎತ್ತಿದಳು. ಮುಟ್ಟಲಿಲ್ಲ. ಎತ್ತಿದ ಕೈಯಿಂದ ತನ್ನ ಮುಂಗುರುಳನ್ನೇ ಹಿಂದಕ್ಕೆ ತಳ್ಳಿಕೊಂಡಳು.

"ಅಮ್ಮನ ಮೇಲೆ ಸಿಟ್ಟು ಮಾಡಬೇಡಿ. ಅವರು ಹಳೇ ಕಾಲದವರು, ಅವರಿಗೆ ತಿಳಿದದ್ದನ್ನು ಅಂದರು. ಆ ಚಿತ್ರಗಳನ್ನು ಹರಿಯಬೇಡಿ. ಮೂಗು ಮೊಂಡಾಗಿದ್ದರೂ ಚೆನ್ನಾಗಿದೆ."

ಬೆಲ್ ಹೊಡೆಯಿತು. ಮಕ್ಕಳು ದಡದಡನೆ ಒಳನುಗ್ಗಿದರು.

"ಬಾಟಲಿ ಇಲ್ಲೇ ಇರಲಿ, ಪಾಠಕ್ಕೆ ಆಗುತ್ತೆ" ಎಂದು ಹೇಮಾಶ್ರೀ ಮಕ್ಕಳ ಕಡೆ ತಿರುಗಿದಳು.

ಇಂದುಧರ ಹೊರಗೆ ಬಂದ. ಮೆಟ್ಟಿಲಿಳಿಯದೆ ಜಗುಲಿಯ ಕಂಬದ ಪಕ್ಕದಲ್ಲಿ ನಿಂತುಕೊಂಡ. ಒಳಗಿನಿಂದ ಅವಳ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

"ಈ ಬಾಟಲಿಯಲ್ಲಿ ಎರಡು ಪದರ ಕಾಣ್ತಾ ಇದೆಯಾ? ಮೇಲಿರೋದು ಪೆಟ್ರೋಲು. ಕೆಳಗಿರೋದು..."

ದನಿ ನಿಂತಿತು.

"ಮಿಸ್, ಅಳ್ತಾ ಇದ್ದೀರಾ?" ಎಂದು ಒಬ್ಬ ಹುಡುಗಿ ಕೇಳಿದಳು.

"ಇಲ್ಲ ಕಣೇ. ಪೆಟ್ರೋಲಿನ ಘಾಟು. ಆ ಕಿಟಕಿ ತೆಗಿ."

"ತೆಗ್ದೇ ಐತೆ ಮಿಸ್."